ಅಧ್ಯಕ್ಷರು ತಲೆ ಆಡಿಸಿದರು

ಪ್ರಾಣಿ ಸಂರಕ್ಷಣಾ ಸಂಘದಲ್ಲಿ ಪ್ರಾಣಿಗಳಿರುತ್ತವೆ ಎಂಬುದು ಸಾರ್ವಜನಿಕರಲ್ಲಿ ಬೇರೂರಿರುವ ಮೊದಲನೆಯ ತಪ್ಪು ತಿಳಿವಳಿಕೆ.

ಅರಕಲಗೂಡು ತಾಲ್ಲೂಕು ಮೂಕಪ್ರಾಣಿ ಸಂರಕ್ಷಣಾ ಸಂಘದ ಸ್ಥಾಪಕ ಕಾರ್ಯದರ್ಶಿಯಾಗಿ ಇದನ್ನು ಹೋಗಲಾಡಿಸುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ. ನೌಕರಿಯಿಂದ ನಿವೃತ್ತನಾದ ಮೇಲೆ ನನಗೆ ಬೇರೆ ಕರ್ತವ್ಯಗಳೂ ಉಳಿದಿಲ್ಲವಾದ್ದರಿಂದ ಸಾವಧಾನವಾಗಿಯೇ ಹೇಳುತ್ತೇನೆ. ಪ್ರಾಣಿಹಿಂಸೆ ತಡೆಯಲು ದೆಹಲಿಯಲ್ಲಿ ಕಾನೂನು ಆಯಿತೆಂಬ ಸುದ್ದಿ ಪತ್ರಿಕೆಯಲ್ಲಿ ಬಂತಲ್ಲ, ಆ ವಾರವೇ ನಮ್ಮ ಸಂಘ ಹುಟ್ಟಿತು. ಮೊದಲ ವರ್ಷವಿಡೀ ಅದರಲ್ಲಿ ಒಂದು ಇಲಿಮರಿಯೂ ಇರಲಿಲ್ಲ. ಸಂಘದ ಇತಿಹಾಸದಲ್ಲಿ ಅಷ್ಟು ಅಚ್ಚುಕಟ್ಟಾಗಿ ಕೆಲಸ ನಡೆದ ವರ್ಷ ಇನ್ನೊಂದಿಲ್ಲ.

ಸಂತೆ ಮೈದಾನದ ಹಿಂದೆ ಪಾಳುಬಿದ್ದಿದ್ದ ಹಳೆಯ ದನದ ದೊಡ್ಡಿ ನಮ್ಮ ಕಚೇರಿ. ಅಲ್ಲಿ ಒಂದು ಮೇಜು, ಒಂದು ಬೀರು, ಒಂದು ನೋಟೀಸು ಬೋರ್ಡು ಮತ್ತು ಅಧ್ಯಕ್ಷರ ಕುರ್ಚಿಗಳು ಎರಡು. ಎರಡೇಕೆ ಎಂದು ನೀವು ಕೇಳುತ್ತೀರಿ. ಸ್ಥಾಪನೆಯ ದಿನ ವಕೀಲ ತಿರುನಾರಾಯಣಯ್ಯಂಗಾರ್ಯರಿಗೂ ಹೊಗೆಸೊಪ್ಪಿನ ವ್ಯಾಪಾರದ ನಂಜಪ್ಪನವರಿಗೂ ಸಮ ಸಮ ಮತ ಬಿದ್ದು, ಆರಾರು ತಿಂಗಳು ಪಾಳಿಯ ಮೇಲೆ ಅಧ್ಯಕ್ಷರಾಗಬೇಕೆಂದು ತೀರ್ಮಾನವಾಯಿತು. ಮೊದಲ ಪಾಳಿ ವಕೀಲರದು. ಆರು ತಿಂಗಳು ಮುಗಿದ ಮೇಲೆ ಅವರು ಏಳಲಿಲ್ಲ.

"ಈ ಅವಧಿಯಲ್ಲಿ ಸಂಘ ಯಾವ ಕೆಲಸವನ್ನೂ ಮಾಡಿಲ್ಲ. ಮಾಡದ ಮೇಲೆ ಕಾನೂನಿನ ದೃಷ್ಟಿಯಲ್ಲಿ ನನ್ನ ಅವಧಿ ಇನ್ನೂ ಆರಂಭವಾಗಿಲ್ಲ" ಎಂದರು.

ನಂಜಪ್ಪನವರು ಜಗಳ ಮಾಡುವವರಲ್ಲ. ಮರುದಿನ ಎತ್ತಿನ ಗಾಡಿಯಲ್ಲಿ ತಮ್ಮದೇ ಒಂದು ಕುರ್ಚಿ ತಂದು ಎದುರಿಗೆ ಹಾಕಿಕೊಂಡು ಕುಳಿತರು. ಅಂದಿನಿಂದ ವಕೀಲರು ಬಾಯಿ ತೆರೆದಾಗಲೆಲ್ಲ ನಂಜಪ್ಪನವರು ಮೇಜಿನ ಮೇಲೆ ಬೆರಳು ಕುಟ್ಟುತ್ತ ಬೇಸರ ಸೂಚಿಸುವುದು ಸಭೆಯ ವಾಡಿಕೆಯಾಯಿತು. ಸಂಘದ ಬೋರ್ಡಿಗೆ ಹಸಿರು ಬಣ್ಣ ಬಳಿಯಬೇಕೋ ನೀಲಿ ಬಳಿಯಬೇಕೋ ಎಂಬ ಒಂದೇ ವಿಷಯದ ಮೇಲೆ ವರ್ಷವೆಲ್ಲ ಚರ್ಚೆ ನಡೆಯಿತು.

ಪ್ರಾಣಿಗಳೇನೋ ಬರುತ್ತಿದ್ದವು. ಆದರೆ ನಮ್ಮ ನಾಲ್ಕನೆಯ ನಿಯಮ ಸ್ಪಷ್ಟವಾಗಿತ್ತು: ಸೇರಿಸಿಕೊಳ್ಳುವ ಪ್ರಾಣಿಗೆ ವಾರಸುದಾರರು ಇರಕೂಡದು, ಇಲ್ಲವೆಂಬುದಕ್ಕೆ ವಾರಸುದಾರರ ರುಜು ಇರಬೇಕು. ಇದನ್ನು ಓದಿ ಬಹಳ ಜನ ಮರಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಮರಳಿ ಹೋದರು. ಇನ್ನು ಕೆಲವರಿಗೆ ಇದು ಇನ್ನೂ ಹಳೆಯ ದೊಡ್ಡಿಯೇ ಎಂಬ ಭ್ರಮೆ. ಪಕ್ಕದ ಹೊಲದವನ ಎಮ್ಮೆ ರಾಗಿ ಮೇಯ್ದಿತೆಂದರೆ ಅದನ್ನು ಅಟ್ಟಿಕೊಂಡು ನೇರ ನಮ್ಮಲ್ಲಿಗೆ ಬರುವುದು.

"ಅರ್ಧ ಒಲ ಮೇದಾಕ್ಬುಡ್ತು ಸಾ ಇದು! ಕೂಡಾಕಿ!"

"ಮೇಯ್ದಿದ್ದರೆ ಹೊಟ್ಟೆ ತುಂಬಿದೆ. ಹೊಟ್ಟೆ ತುಂಬಿದ ಪ್ರಾಣಿಗೆ ಸಂರಕ್ಷಣೆ ಯಾತಕ್ಕಯ್ಯ?" ಎಂದು ವಕೀಲರು ಕೇಳುತ್ತಿದ್ದರು. ಬಂದವರು ಎಮ್ಮೆಯನ್ನು ಹಾಗೆಯೇ ಅಟ್ಟಿಕೊಂಡು ಹಿಂದಿರುಗುತ್ತಿದ್ದರು.

ನಾವು ಸರ್ಕಾರದ ಇಲಾಖೆ ಎಂದು ನಂಬಿದವರೂ ಕಡಿಮೆಯಿರಲಿಲ್ಲ. ಚನ್ನರಾಯಪಟ್ಟಣದ ಒಬ್ಬ ಗೃಹಸ್ಥರು ತಮ್ಮ ಬೀದಿಯ ಕೋತಿಗಳನ್ನು ಆಡಳಿತದ ಹಿತದೃಷ್ಟಿಯಿಂದ ಅರಕಲಗೂಡಿಗೆ ವರ್ಗ ಮಾಡಬೇಕೆಂದು ಬರೆದರು. ನಮ್ಮಲ್ಲಿ ಸದ್ಯಕ್ಕೆ ಕೋತಿಯ ಸ್ಥಾನ ಖಾಲಿಯಿಲ್ಲವೆಂದೂ, ಖಾಲಿಯಾದಾಗ ಸೇವಾ ಹಿರಿತನದ ಮೇಲೆ ಪರಿಶೀಲಿಸಲಾಗುವುದೆಂದೂ ಉತ್ತರ ಕೊಟ್ಟೆ.

ಹೀಗೆ ನೆಮ್ಮದಿಯಾಗಿದ್ದಾಗ ಹಾಸನದಿಂದ ಸುದ್ದಿ ಬಂತು. ಜಿಲ್ಲೆಯ ಪ್ರಾಣಿ ಸಂಘಗಳ ಒಕ್ಕೂಟದವರು ವೀಕ್ಷಕರನ್ನು ಕಳಿಸುತ್ತಾರಂತೆ. ಪ್ರಾಣಿ ಇಲ್ಲದ, ಅಥವಾ ಅಧ್ಯಕ್ಷರು ಒಬ್ಬರಿಗಿಂತ ಹೆಚ್ಚೋ ಕಡಿಮೆಯೋ ಇರುವ ಸಂಘವನ್ನು ಪಕ್ಕದ ತಾಲ್ಲೂಕಿನ ಸಂಘದೊಳಗೆ ವಿಲೀನ ಮಾಡುತ್ತಾರಂತೆ. ಪಕ್ಕದ ತಾಲ್ಲೂಕು ಎಂದರೆ ಹೊಳೆನರಸೀಪುರ. ಅಲ್ಲಿಯ ಸಂಘದವರು ಆಗಲೇ ಒಂದು ಕುಂಟುಕತ್ತೆಯನ್ನು ಸಂಪಾದಿಸಿಬಿಟ್ಟಿದ್ದರು!

"ಅವರ ಕತ್ತೆ ಕೆಳಗೆ ನಾವಾ?" ಎಂದು ನಂಜಪ್ಪನವರು ಮೇಜು ಕುಟ್ಟಿದರು. ವಕೀಲರೂ ಕುಟ್ಟಿದರು. ಇಬ್ಬರೂ ಒಟ್ಟಿಗೆ ಕುಟ್ಟಿದ್ದು ಅದೇ ಮೊದಲು.

ಕೋಲೆಬಸವ ಬಂದದ್ದು ಆ ವಾರ.

ಮಲ್ಲಿಪಟ್ಟಣದ ಕಡೆಯಿಂದ ಪ್ರತಿ ಸುಗ್ಗಿಗೂ ದೊಡ್ಡಯ್ಯ ಮತ್ತು ಅವನ ಹೆಂಡತಿ ಸಣ್ಣಕ್ಕ ನಮ್ಮೂರಿನ ಮೇಲೆ ಹಾದುಹೋಗುವ ಪದ್ಧತಿ. ರಾಮ ಎಂಬ ಬಸವ, ಸೀತೆ ಎಂಬ ಹಸು. ಎರಡಕ್ಕೂ ಬೆನ್ನ ಮೇಲೆ ಕೌದಿ, ಕೊಂಬಿಗೆ ಕುಚ್ಚು, ಕೊರಳಿಗೆ ಕವಡೆ ಸರ. ಕಣದ ಬಳಿ ನಿಲ್ಲಿಸಿ ರಾಮ ಸೀತೆಯರಿಗೆ ಮದುವೆಯಾಟ ಆಡಿಸುವರು. ದೊಡ್ಡಯ್ಯ ಕೇಳುವನು: "ಸೀತೇನ ಮದ್ವೆ ಆಯ್ತೀಯಾ ರಾಮಾ?" ಡೋಲಿನ ಮೇಲೆ ಅವನ ಬೆರಳು ಡುಂಕ್ ಎನ್ನುವುದು, ರಾಮ ಹೂಂ ಎಂದು ತಲೆ ಆಡಿಸುವುದು. "ರಾಮನ್ನ ಒಪ್ಪಿದ್ಯಾ ಸೀತಾ?" ಡುಂಕ್. ಸೀತೆ ಊಹೂಂ ಎಂದು ಕೊಡಹುವುದು. ಒಂದೇ ಡುಂಕಿಗೆ ಗಂಡಿನದು ಹೂಂ, ಹೆಣ್ಣಿನದು ಊಹೂಂ, ಅಷ್ಟೇ ಆಟ. ಆಮೇಲೆ ಬಸವನನ್ನು ಮಳೆ ಬೆಳೆ ಕೇಳುವುದು, ಮಗಳ ಮದುವೆ ಕೇಳುವುದು. ಎಲ್ಲಕ್ಕೂ ಬಸವ ಹೂಂ ಎನ್ನುವುದು. ಜನ ಮೊರದ ತುಂಬ ರಾಗಿ ಸುರಿಯುವರು. ಗಂಡಹೆಂಡಿರ ವರ್ಷದ ಮುದ್ದೆ ಅದರಲ್ಲಿ.

ಅಂದು ಸಂತೆ. ದೊಡ್ಡಯ್ಯ ನಮ್ಮ ಕಚೇರಿ ಬಾಗಿಲಿಗೆ ಬಂದು ನಿಂತ. ಸಂತೆಯ ಅರ್ಧ ಜನ ಅವನ ಹಿಂದೆ.

"ಲಾಯರಪ್ಪಾರು ಧರ್ಮಾತ್ಮರಾ ಬಸ್ವಾ?" ಡುಂಕ್. ಬಸವ ತಲೆ ಆಡಿಸಿತು.

"ಈ ವರ್ಸ ಅವರ ಕೇಸೆಲ್ಲಾ ಗೆಲ್ತದಾ?" ಡುಂಕ್. ಆಡಿಸಿತು.

ಇದನ್ನು ಕೇಳಿ ಊರವರಲ್ಲಿ ಕೆಲವರು ಕೆಮ್ಮಿದರೂ ವಕೀಲರ ಮನಸ್ಸು ಕರಗಿತು. ಎದ್ದು ಬಂದು ಬಸವನ ಮುಖ ನೋಡಿ, ತಾವೇ ಗಂಭೀರವಾಗಿ ಕೇಳಿದರು: "ಏನಪ್ಪಾ, ಈ ಮನುಷ್ಯನಿಂದ ನಿನಗೇನಾದರೂ ತೊಂದರೆ ಇದೆಯೇ?"

ಮೂವತ್ತು ವರ್ಷದ ಅಭ್ಯಾಸ ನೋಡಿ. ಪ್ರಶ್ನೆ ಯಾರೇ ಕೇಳಲಿ, ಮುಗಿದ ಕೂಡಲೇ ದೊಡ್ಡಯ್ಯನ ಬೆರಳು ತಾನಾಗಿ ಬೀಳುತ್ತದೆ. ಡುಂಕ್. ಬಸವ ಮೂರು ಸಲ ಬಲವಾಗಿ ತಲೆ ಆಡಿಸಿತು.

ಜನ ಓ ಎಂದರು. ದೊಡ್ಡಯ್ಯ ತನ್ನ ಬೆರಳನ್ನೇ ಬೇರೆ ಯಾರದೋ ಎಂಬಂತೆ ನೋಡಿಕೊಂಡ.

"ಅಯ್ಯೋ, ಇಲ್ಲಾ ಸಾ! ಅದು ಅಂಗಲ್ಲಾ..."

"ಮತ್ತೆ ಹೇಗೆ?"

"ಡೋಲು..." ಎಂದವನು ಅಲ್ಲಿಗೇ ನಿಂತ. ಸುತ್ತ ನೋಡಿದ. ಮೊರದ ತುಂಬ ರಾಗಿ ಕೊಡುವ ಜನವೆಲ್ಲ ಅಲ್ಲಿದ್ದರು.

"ನೋಡಯ್ಯ, ನಾನು ಕಾನೂನು ಬಲ್ಲವನು, ಅನ್ಯಾಯ ಮಾಡುವವನಲ್ಲ," ಎಂದರು ವಕೀಲರು. "ಅದಕ್ಕೆ ಪ್ರಶ್ನೆ ಅರ್ಥವಾಗುವುದಿಲ್ಲ, ಡೋಲು ಬಡಿದರೆ ಸುಮ್ಮನೆ ತಲೆ ಆಡಿಸುತ್ತದೆ ಅಂತ ಈ ಜನರ ಮುಂದೆ ಹೇಳಿಬಿಡು. ಈಗಿಂದೀಗಲೇ ಬಿಟ್ಟುಬಿಡುತ್ತೇನೆ."

ದೊಡ್ಡಯ್ಯ ಬಸವನ ಕೊರಳು ಸವರಿದ. ಹಾಗೆಂದರೆ ಬಸವ ಕೈಗೆ ಬರುತ್ತದೆ. ಆದರೆ ಅದನ್ನು ಇಟ್ಟುಕೊಂಡು ನಾಳೆ ಯಾರ ಬಾಗಿಲಲ್ಲಿ ನಿಲ್ಲುವುದು?

"ಅರ್ಥಾಯ್ತದೆ ಸಾ," ಎಂದ ಸಣ್ಣ ದನಿಯಲ್ಲಿ. "ಎಲ್ಲಾ ಅರ್ಥಾಯ್ತದೆ."

"ಹಾಗಾದರೆ ದೂರು ದಾಖಲಾಯಿತು. ಕಾರ್ಯದರ್ಶಿಗಳೇ, ಪ್ರಾಣಿಯ ಸ್ವಂತ ಹೇಳಿಕೆಯ ಮೇಲೆ ಅದನ್ನು ಸಂರಕ್ಷಣೆಗೆ ತೆಗೆದುಕೊಳ್ಳಿ."

ನಾನು ತೆಗೆದುಕೊಂಡೆ. ತಾನೇ ದೂರು ಕೊಟ್ಟ ಪ್ರಾಣಿಗೆ ನಾಲ್ಕನೆಯ ನಿಯಮ ಅನ್ವಯಿಸದೆಂದು ವಕೀಲರ ಅಭಿಪ್ರಾಯ. ಸೀತೆಯನ್ನೂ ಅದೇ ಪ್ರಶ್ನೆ ಕೇಳಲಾಯಿತು. ಅದು ಊಹೂಂ ಎಂದಿದ್ದರಿಂದ ಕೈಬಿಡಲಾಯಿತು. ಬೀರು ಇದ್ದ ಕಾರಣ ಎರಡಕ್ಕೆ ಜಾಗವೂ ಇರಲಿಲ್ಲ.

ಸಣ್ಣಕ್ಕ ಅಷ್ಟು ಜನರ ಮುಂದೆಯೇ ಗಂಡನ ಕಡೆ ತಿರುಗಿದಳು. "ಏನ್ ಕೈಯೋ ನಿಂದು, ಸುಮ್ನಿರಕ್ಕಾಗಲ್ವಾ ಅದ್ಕೆ? ಗೂಟಕ್ಕೆ ಕಟ್ಟಾಕ್ಬೇಕಾಗಿರಾದು ಬಸ್ವನ್ನಲ್ಲ ಕಣಯ್ಯ, ನಿನ್ ಬೆಳ್ಳ!"

ಸಂರಕ್ಷಿತ ಪ್ರಾಣಿ ಸುಖವಾಗಿರುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಬಸವ ಹುಲ್ಲು ಮೂಸಲಿಲ್ಲ. ದೊಡ್ಡಿಯ ಎದುರಿನ ಹುಣಸೇಮರದ ಕೆಳಗೆ ಗಂಡಹೆಂಡಿರು ಸೀತೆಯನ್ನು ಕಟ್ಟಿಕೊಂಡು ಬಿಡಾರ ಹೂಡಿದರು. ಸೀತೆಯ ಗಂಟೆ ಕೇಳಿದಾಗ ಮಾತ್ರ ಬಸವ ಗೋಡೆಯ ಮೇಲೆ ಕತ್ತು ಚಾಚಿ ಒಂದು ಹಿಡಿ ತಿನ್ನುತ್ತಿತ್ತು. ನಾನು ಅದನ್ನು "ಪ್ರಾಣಿಯು ಹೊಸ ವಾತಾವರಣಕ್ಕೆ ಹೊಂದಿಕೊಂಡಿದೆ" ಎಂದು ಬರೆದುಕೊಂಡೆ.

ಬಿಡುಗಡೆಗೆ ದೊಡ್ಡಯ್ಯ ಅರ್ಜಿ ಹಾಕಿದ. ಪ್ರಾಣಿಯ ಇಚ್ಛೆ ತಿಳಿಯದೆ ತೀರ್ಮಾನಿಸಕೂಡದೆಂದು ಹನ್ನೊಂದನೆಯ ನಿಯಮ. ವಿಚಾರಣೆ ಏರ್ಪಟ್ಟಿತು. ವಕೀಲರು ಕರಿಕೋಟು ಹಾಕಿಕೊಂಡು ಬಂದರು. ದೊಡ್ಡಯ್ಯ ಡೋಲು ತಗುಲಿಸಿಕೊಂಡು ನಿಂತ, ಸಾಕ್ಷಿ ಅದಿಲ್ಲದೆ ಮಾತಾಡುತ್ತಿರಲಿಲ್ಲ.

"ದೊಡ್ಡಯ್ಯನ ಜೊತೆ ಹೋಗಲು ನಿನಗೆ ಇಷ್ಟವೇ?" ಡುಂಕ್. ಹೂಂ.

ಸಣ್ಣಕ್ಕ ಕೈಮುಗಿದಳು. "ಏಳ್ತಲ್ಲಾ ಸಾ, ಬುಡಿ ಮತ್ತೆ!"

"ಇರಮ್ಮ, ಪಾಟೀಸವಾಲು ಆಗಲಿ. ಇಲ್ಲೇ ಸಂಘದಲ್ಲಿ ಇರಲು ಇಷ್ಟವೇ?" ಡುಂಕ್. ಹೂಂ.

"ಅಂದರೆ ಮೊದಲು ಹೇಳಿದ್ದು ಸುಳ್ಳೇ?" ಹೂಂ.

"ಈಗ ಹೇಳಿದ್ದು?" ಹೂಂ.

ವಕೀಲರು ಕನ್ನಡಕ ಒರೆಸಿಕೊಂಡರು. "ಇಷ್ಟು ವರ್ಷದ ವಕೀಲಿಯಲ್ಲಿ ಇಂಥ ಸಾಕ್ಷಿಯನ್ನು ನೋಡಿಲ್ಲ" ಎಂದರು. ದನಿಯಲ್ಲಿ ಮೆಚ್ಚಿಗೆ ಇದ್ದಂತಿತ್ತು.

"ಕೇಳಾರ್ಗೆ ತಲೆ ನೆಟ್ಟಗೈತಾ ಅಂತಾನೂ ಕೇಳ್ಬುಡಿ ಸಾ, ಒಂದು ಬಾಕಿ ಯಾಕೆ?" ಎಂದಳು ಸಣ್ಣಕ್ಕ.

ಇದೂ ಪ್ರಶ್ನೆಯೇ ಆದ್ದರಿಂದ ದೊಡ್ಡಯ್ಯನ ಬೆರಳು ಬಿತ್ತು. ಬಸವ ಹೂಂ ಎಂದಿತು. ನಂಜಪ್ಪನವರು ಮೇಜು ಕುಟ್ಟಿ ಕುಟ್ಟಿ ನಕ್ಕರು. ಅದಕ್ಕೂ ಬಸವ ಹೂಂ ಹೂಂ ಎಂದಿತು. ಸಾಕ್ಷಿ ಸುಸ್ತಾಗಿರುವಂತೆ ಕಂಡ ಕಾರಣ ವಿಚಾರಣೆ ಮುಂದಕ್ಕೆ ಹೋಯಿತು. ಆಮೇಲೂ ಹೋಗುತ್ತಲೇ ಇತ್ತು.

ಇಷ್ಟರಲ್ಲಿ ಜನ ಇದನ್ನೂ ತಪ್ಪಾಗಿ ತಿಳಿದುಕೊಂಡರು. ಲಾಯರ ಪಾಟೀಸವಾಲಿಗೇ ಬಗ್ಗದ ಬಸವ ಎಂದ ಮೇಲೆ ಅದು ಸಾಮಾನ್ಯದ್ದಲ್ಲ ಎಂದು ಸುದ್ದಿ ಹಬ್ಬಿತು. ಕೊಣನೂರು, ರಾಮನಾಥಪುರದ ಕಡೆಯಿಂದ ಬಸ್ಸು ಹತ್ತಿ ಬರತೊಡಗಿದರು. ಹೊಗೆಸೊಪ್ಪಿಗೆ ಈ ಸಲ ರೇಟು ಸಿಕ್ಕೀತಾ? ಹೂಂ. ಅಳಿಯ ಕುಡಿಯೋದು ಬಿಟ್ಟಾನಾ? ಹೂಂ. ಸಂಘ ತಕ್ಷಣ ಎಚ್ಚೆತ್ತು ನಾನೇ ಬರೆದ ಈ ಪ್ರಕಟಣೆಯನ್ನು ಬೋರ್ಡಿಗೆ ಅಂಟಿಸಿತು:

"ಸಂಘದ ವಶದಲ್ಲಿರುವ ಬಸವನು ಭವಿಷ್ಯ ನುಡಿಯುತ್ತಾನೆಂಬ ಸುಳ್ಳು ವದಂತಿ ಹಬ್ಬಿರುವುದು ಗಮನಕ್ಕೆ ಬಂದಿದೆ. ಇದು ಶುದ್ಧ ತಪ್ಪು ತಿಳಿವಳಿಕೆ. ಬಸವನು ಸಂಘದ ಆಂತರಿಕ ವಿಚಾರಗಳಿಗೆ ಮಾತ್ರ ಉತ್ತರಿಸುವನು. ಭವಿಷ್ಯ ಕೇಳುವವರು ಬುಧವಾರ, ಶನಿವಾರಗಳನ್ನು ಬಿಟ್ಟು ಬೇರೆ ದಿನ ಬರಕೂಡದು. ಸಂಘದ ಆವರಣದಲ್ಲಿ ಕಾಣಿಕೆ ಸ್ವೀಕರಿಸುವುದನ್ನು ನಿಷೇಧಿಸಿದೆ."

ಇದನ್ನು ಓದಿದ ಮೇಲೆ ಬುಧವಾರ, ಶನಿವಾರ ದೊಡ್ಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ.

ಕಷ್ಟಕ್ಕೆ ಬಿದ್ದವರು ದೊಡ್ಡಯ್ಯ ಸಣ್ಣಕ್ಕ. ಊರೆಲ್ಲ ಬಿಟ್ಟಿ ಭವಿಷ್ಯ ಕೇಳಿ ಹೋಗುತ್ತಿತ್ತು. ನಿಯಮದಂತೆ ಒಂದು ಹಿಡಿ ರಾಗಿಯನ್ನೂ ಅಲ್ಲಿ ಮುಟ್ಟುವಂತಿರಲಿಲ್ಲ. ಸಣ್ಣಕ್ಕ ಒಂದು ಬೆಳಿಗ್ಗೆ ನನ್ನನ್ನು ತಡೆದು ನಿಲ್ಲಿಸಿದಳು.

"ಸಾ, ಮಲ್ಲಿಪಟ್ಣದ ಕಡೆ ಕಣ ಮುಗೀತಾ ಬಂತು. ಕಣದಲ್ಲಿದ್ದಾಗ ಮೊರ ತುಂಬಾ ಆಕ್ತಾರೆ. ರಾಗಿ ಅಗೇವು ಸೇರ್ತು ಅಂದ್ರೆ ಬೊಗಸೇನೂ ಈಚೆಗ್ ಬರಾಕಿಲ್ಲ. ಆಮೇಲ್ ನೀವು ಬಸ್ವನ್ನ ಕೊಟ್ರೂ ನಾವೇನ್ ತಿನ್ನಾದು, ಅದರ ಗೆಜ್ಜೇನಾ?"

ಅಗೇವು ಎಂದರೆ ರಾಗಿ ತುಂಬಿ ಬಾಯಿ ಮುಚ್ಚುವ ನೆಲದ ಹಗೇವು. ಅವಳ ಮಾತು ನನಗೆ ಚೆನ್ನಾಗಿ ಅರ್ಥವಾಯಿತು. "ನಿಮ್ಮ ಅಹವಾಲನ್ನು ಮುಂದಿನ ಸಭೆಯ ಗಮನಕ್ಕೆ ತರಲಾಗುವುದು" ಎಂದೆ.

"ಸಬೆ ಯಾವಾಗ ಸಾ?"

"ಸಂಕ್ರಾಂತಿ ಆದ ಮೇಲೆ."

"ಸಂಕ್ರಾಂತಿಗೆ ಮುಂಚೆ ಬಸ್ವ ಈಚೆಗ್ ಬರ್ದಿದ್ರೆ," ಎಂದು ಸಣ್ಣಕ್ಕ ಸೆರಗು ಬಿಗಿದು ಹೇಳಿದಳು, "ನಾವಿಬ್ರೂ ಬಂದು ನಿಮ್ ಸಂಘದಲ್ಲೇ ಇರ್ತೀವಿ. ನಮ್ಗೂ ವಾರಸುದಾರ್ರು ಯಾರೂ ಇಲ್ಲ. ರುಜು ನಾನೇ ಆಕ್ತೀನಿ."

ನಿಯಮದಲ್ಲಿ ಇದಕ್ಕೆ ಅಡ್ಡಿ ಕಾಣದೆ ನನಗೆ ಚಿಂತೆಯಾಯಿತು.

ಹಾಸನದ ವೀಕ್ಷಕರು ಸಂಕ್ರಾಂತಿಗೆ ಮುಂಚೆಯೇ ಬಂದುಬಿಟ್ಟರು. ಮಂಚಯ್ಯನವರೆಂದು ಅವರ ಹೆಸರು. ಬಸ್ಸಿನ ಧೂಳು ಮೈಮೇಲೆಲ್ಲ, ಕೈಯಲ್ಲಿ ಶಾಯಿಯ ಪೆನ್ನು. ಹಿಂದಿನ ದಿನ ಹೊಳೆನರಸೀಪುರದ ಕತ್ತೆ ಒದ್ದದ್ದರಿಂದ ಸ್ವಲ್ಪ ಕುಂಟುತ್ತಿದ್ದರು. ಅಂದು ಬುಧವಾರವಾದ್ದರಿಂದ ಜನವೋ ಜನ.

"ಪ್ರಾಣಿ ಇದೆ, ಸರಿ," ಎಂದು ಬಸವನನ್ನು ದೂರದಿಂದಲೇ ನೋಡಿ ಬರೆದುಕೊಂಡರು. "ಅಧ್ಯಕ್ಷರು ಯಾರು?"

"ನಾನು," ಎಂದರು ವಕೀಲರು.

"ನಾನು," ಎಂದರು ನಂಜಪ್ಪನವರು.

ಮಂಚಯ್ಯನವರು ಎರಡು ಕುರ್ಚಿಗಳನ್ನೂ ನೋಡಿದರು. "ನೋಡಿ, ನಾನು ಮಧ್ಯಾಹ್ನದ ಬಸ್ಸಿಗೆ ಹೋಗಬೇಕು. ಒಬ್ಬರೇ ಅಂತ ಹೇಳಿ, ಇಲ್ಲ ಹೊಳೆನರಸೀಪುರಕ್ಕೆ ಸೇರಿಸಿ ಬರೆಯುತ್ತೇನೆ."

"ಬೇಡ ಬೇಡ!" ಎಂದರು ಇಬ್ಬರೂ.

"ಬಸ್ವನ್ನೇ ಕೇಳ್ಬುಡಿ ಸ್ವಾಮೀ!" ಎಂದು ಗುಂಪಿನಿಂದ ಯಾರೋ ಕೂಗಿದರು. ಇದು ಯೋಗ್ಯ ಸಲಹೆಯೆಂದು ಎಲ್ಲರಿಗೂ ಅನ್ನಿಸಿತು. ವಕೀಲರು ಅಧ್ಯಕ್ಷರೇ ಎಂದು ಕೇಳಲಾಯಿತು. ಡುಂಕ್. ಹೂಂ. ಅವರು ಅಂಗವಸ್ತ್ರ ಸರಿಪಡಿಸಿಕೊಳ್ಳುವಷ್ಟರಲ್ಲಿ ನಂಜಪ್ಪನವರು ಅಧ್ಯಕ್ಷರೇ ಎಂದು ಕೇಳಲಾಯಿತು. ಡುಂಕ್. ಹೂಂ.

ಮಂಚಯ್ಯನವರು ಬಿಸಿಲಿನಲ್ಲಿ ನಿಂತು ಕಾಲು ನೀವಿಕೊಂಡರು. "ಮತ್ತೆ ನೀನೇ ಏನಪ್ಪಾ ಅಧ್ಯಕ್ಷ?" ಎಂದರು ಬೇಸತ್ತು.

ಡುಂಕ್. ಬಸವ ಹೂಂ ಎಂದಿತು. ಮಂಚಯ್ಯನವರು ಬರೆದರು.

ಬರೆದ ಮೇಲೆ ಅವರಿಗೂ ಒಂದು ಕ್ಷಣ ಏನೋ ಅನ್ನಿಸಿರಬೇಕು. ಪೆನ್ನು ಎತ್ತಿ ನಿಂತರು. ಆದರೆ ಒಕ್ಕೂಟದ ವರದಿಯಲ್ಲಿ ಚಿತ್ತು ಮಾಡುವಂತಿಲ್ಲ, ಹಾಳೆಯೂ ಒಂದೇ. ವಕೀಲರು ನಂಜಪ್ಪನವರನ್ನು ನೋಡಿದರು, ನಂಜಪ್ಪನವರು ವಕೀಲರನ್ನು. ತಾನು ಅಧ್ಯಕ್ಷನಲ್ಲ ಎಂಬ ದುಃಖಕ್ಕಿಂತ ಅವನೂ ಅಲ್ಲವಲ್ಲ ಎಂಬ ಸಮಾಧಾನ ಇಬ್ಬರ ಮುಖದಲ್ಲೂ ಹೆಚ್ಚಾಗಿತ್ತು.

"ಸರ್ವಾನುಮತ," ಎಂದರು ವಕೀಲರು.

"ಸರ್ವಾನುಮತವೇ," ಎಂದರು ನಂಜಪ್ಪನವರು. ಸಂಘದ ಇತಿಹಾಸದಲ್ಲಿ ಅಂಥದು ಮೊದಲ ನಿರ್ಣಯ.

ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಸಣ್ಣಕ್ಕ ಗುಂಪು ಸೀಳಿಕೊಂಡು ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಅಲ್ಲಾ ಸಾ, ನಿಮ್ಮೂರ್ನಲ್ಲಿ ಅಧ್ಯಕ್ಸರನ್ನ ಗೂಟಕ್ಕೆ ಕಟ್ಟಾಕ್ತಾರಾ?"

ಚಪ್ಪಾಳೆ ನಿಂತಿತು. ಮಂಚಯ್ಯನವರು ತಲೆಯೆತ್ತಿದರು. "ಆಕೆ ಹೇಳುವುದು ಸರಿ. ಅಧ್ಯಕ್ಷರೆಂದರೆ ತಾಲ್ಲೂಕಿನಲ್ಲಿ ಪ್ರವಾಸ ಮಾಡಬೇಕು. ಇವರು ಒಂದೂ ಪ್ರವಾಸ ಮಾಡಿದಂತಿಲ್ಲವಲ್ಲ?"

"ಮಾಡ್ಸಾಣ ಸಾ!" ಎಂದಳು ಸಣ್ಣಕ್ಕ. "ಇವತ್ತೇ ಒಂಡುಸ್ತೀವಿ. ಮಲ್ಲಿಪಟ್ಣದ ಕಡೆಯಿಂದ್ಲೇ ಸುರು."

ವಕೀಲರು ಎದ್ದು ನಿಂತರು. "ತಡೆಯಿರಿ! ಅಧ್ಯಕ್ಷರ ಇಚ್ಛೆಯನ್ನು ಕೇಳದೆ ಆಗದು. ಅದೂ ಈ ಡೋಲು ಇರುವ ತನಕ ಅವರ ಮೇಲೆ ಒತ್ತಡ ಇದ್ದಂತೆ. ಕೊಡು ಇಲ್ಲಿ ಅದನ್ನು." ಹೀಗೆಂದು ದೊಡ್ಡಯ್ಯನ ಕಂಕುಳಿನಿಂದ ಡೋಲು ಬಿಚ್ಚಿ ತಾವೇ ಎದೆಗೆ ಅವಚಿಕೊಂಡರು.

ದೊಡ್ಡಯ್ಯ ಡೋಲಿನ ಹಿಂದೆಯೇ ಕೈ ಚಾಚಿದ. ಡೋಲಿಲ್ಲದೆ ಬಸವ ತಲೆ ಆಡಿಸುವುದಿಲ್ಲ. ಆಡಿಸದಿದ್ದರೆ ಬಸವ ಒಳಗೇ. ಜೊತೆಗೆ ಇಡೀ ತಾಲ್ಲೂಕಿನ ಮುಂದೆ ಬಸವನಿಗೆ ಏನೂ ತಿಳಿಯುವುದಿಲ್ಲ ಎಂದು ರುಜುವಾತು. ಅವನು ಇಷ್ಟು ದಿನ ಬಾಯಿಬಿಡದೆ ಕಾಪಾಡಿದ್ದು ಈಗ ಬಾಯಿಬಿಡದೆಯೇ ಹೋಗುವುದರಲ್ಲಿತ್ತು.

"ಕೇಳಮ್ಮಾ," ಎಂದರು ವಕೀಲರು.

ಸಣ್ಣಕ್ಕ ಸೊಂಟದ ಮೇಲಿನ ಕೈ ತೆಗೆದು ಬಸವನ ಹಣೆ ಮುಟ್ಟಿದಳು. "ಬಸ್ವಾ... ನಮ್ಜೊತೆ ಬತ್ತೀಯಾ ಕಂದಾ?"

ಸದ್ದಿಲ್ಲ. ಬಸವ ಎದುರಿಗೆ ನೋಡುತ್ತ ನಿಂತಿತು. ದೊಡ್ಡಯ್ಯನ ಬೆರಳು ಬರಿಯ ಗಾಳಿಯಲ್ಲಿ ಒಮ್ಮೆ ಬಿತ್ತು. ಬಸವನ ಕಿವಿ ಅಲುಗಿತು, ತಲೆ ಅಲುಗಲಿಲ್ಲ.

"ಕಂಡಿರಾ ಮಹಾಜನಗಳೇ?" ಎಂದು ವಕೀಲರು ಡೋಲು ಅವಚಿಕೊಂಡೇ ಆರಂಭಿಸಿದರು. "ಇದರಿಂದ ನಾವು ತಿಳಿಯಬೇಕಾದದ್ದು ಏನೆಂದರೆ, ಕಾನೂನಿನ ದೃಷ್ಟಿಯಲ್ಲಿ..."

ವಕೀಲರ ಭಾಷಣ ಶುರುವಾಯಿತೆಂದರೆ ನಂಜಪ್ಪನವರಿಗೆ ಬೇಸರ. ಅವರ ಬೆರಳು ಮೇಜಿನ ಮೇಲೆ ಬಿತ್ತು. ಡುಂಕ್.

ಬಸವ ತಲೆ ಆಡಿಸಿತು. ಹೂಂ ಹೂಂ ಹೂಂ ಎಂದು ಕೊರಳ ಕವಡೆಯೆಲ್ಲ ಗಲಗಲಿಸುವಂತೆ, ಕೊಂಬಿನ ಕುಚ್ಚು ಹಾರುವಂತೆ ಆಡಿಸಿತು. ಮೈದಾನವೆಲ್ಲ ಹೋ ಎಂದಿತು. ಡೋಲಿಲ್ಲ! ಡೋಲು ಲಾಯರ ಎದೆ ಮೇಲಿದೆ! ಹೆಂಗಸರು ಬಂದು ಬಸವನ ಕಾಲಿಗೆ ಬಿದ್ದರು. ಬೀಳುವಾಗ ಅಡ್ಡವಾದ ವಕೀಲರು ಡೋಲನ್ನು ದೊಡ್ಡಯ್ಯನ ಕೈಗೆ ಹಿಂದಿರುಗಿಸಿ, ತಾವೂ ಒಮ್ಮೆ ಕೈಮುಗಿದರು.

ನಂಜಪ್ಪನವರ ಬೆರಳು ಬಿದ್ದದ್ದನ್ನು ನಾನು ನೋಡಿದೆನೇ ಎಂದು ಕೇಳುತ್ತೀರಿ. ನೋಡಿದೆ. ಸಣ್ಣಕ್ಕನೂ ನೋಡಿದಳು, ನಾನು ನೋಡಿದ್ದನ್ನೂ ನೋಡಿದಳು. ಆದರೆ ಕಾರ್ಯದರ್ಶಿಯಾದವನು ಸಭೆಯಲ್ಲಿ ನಡೆದದ್ದನ್ನು ಬರೆಯಬೇಕೇ ಹೊರತು ತಾನು ಕಂಡದ್ದನ್ನಲ್ಲ. "ಅಧ್ಯಕ್ಷರು ಸ್ವಪ್ರೇರಣೆಯಿಂದ ಪ್ರವಾಸಕ್ಕೆ ಒಪ್ಪಿಗೆ ಸೂಚಿಸಿದರು" ಎಂದು ಬರೆದೆ.

ಮಂಚಯ್ಯನವರಿಗೆ ಬಸ್ಸೂ ಸಿಕ್ಕಿತು. ಹೊರಡುವ ಮುನ್ನ ಅವರು ಬಸವನ ಹತ್ತಿರ ಹೋಗಿ ಮೆಲ್ಲಗೆ, ತಮ್ಮ ನೌಕರಿ ಹಾಸನದಲ್ಲೇ ಕಾಯಂ ಆಗುತ್ತದೆಯೇ ಎಂದೇನೋ ಕೇಳಿದ್ದನ್ನು, ದೊಡ್ಡಯ್ಯ ಡುಂಕ್ ಎಂದದ್ದನ್ನು ಕೇಳಿಸಿಕೊಂಡವರಿದ್ದಾರೆ.

ಅದೇ ಮಧ್ಯಾಹ್ನ ಅಧ್ಯಕ್ಷರು ಸೀತಾಸಮೇತರಾಗಿ ಮಲ್ಲಿಪಟ್ಟಣದ ಕಡೆಗೆ ಪ್ರವಾಸ ಹೊರಟರು. ಕಣಗಳು ಇನ್ನೂ ಮುಗಿದಿರಲಿಲ್ಲ. ಆ ಸಲ ಮೊರಗಳಲ್ಲ, ಕುಕ್ಕೆಗಳೇ ಸುರಿದವಂತೆ. ಸಣ್ಣಕ್ಕ ಪ್ರತಿ ಬಾಗಿಲಲ್ಲೂ, "ಬಸ್ವ ಅನ್ಬೇಡಿ ಕಣವ್ವಾ, ಇವ್ರು ಈಗ ಅಧ್ಯಕ್ಸರು. ಅಧ್ಯಕ್ಸರಿಗೆ ಬೊಗಸೇಲಿ ಆಕ್ತಾರಾ?" ಎಂದು ಕೇಳುತ್ತಿದ್ದಳಂತೆ.

ಹೊಳೆನರಸೀಪುರದವರು ಇದನ್ನು ಕೇಳಿ ತಮ್ಮ ಕತ್ತೆಯನ್ನೂ ಅಧ್ಯಕ್ಷರನ್ನಾಗಿ ಮಾಡಲು ಹೊರಟರು. ಅದು ಏನು ಕೇಳಿದರೂ ತಲೆ ಆಡಿಸದೆ ನಿಂತ ಕಾರಣ ಖಜಾಂಚಿಯನ್ನಾಗಿ ಮಾಡಿಕೊಂಡರು.

ನಮ್ಮ ಸಂಘ ಈಗಲೂ ಇದೆ. ಅಧ್ಯಕ್ಷರು ಸದಾ ಪ್ರವಾಸದಲ್ಲಿರುವುದರಿಂದ ದೊಡ್ಡಿ ಖಾಲಿ. ಆದರೂ ಅಧ್ಯಕ್ಷರು ಯಾವಾಗ ಬೇಕಾದರೂ ಬರಬಹುದಾದ್ದರಿಂದ ಬೇರೆ ಪ್ರಾಣಿಗಳನ್ನು ಸೇರಿಸಿಕೊಳ್ಳಲಾಗುವುದಿಲ್ಲ. ಜನ ಇದನ್ನು ದಯವಿಟ್ಟು ತಪ್ಪಾಗಿ ತಿಳಿಯಬಾರದು. ಬೋರ್ಡಿನ ಬಣ್ಣದ ವಿಚಾರ ಮಾತ್ರ ಬಗೆಹರಿಯಿತು. ಹಸಿರೇ ಎಂದು ಕೇಳಿದಾಗ ಅಧ್ಯಕ್ಷರು ಹೂಂ ಎಂದರು, ನೀಲಿಯೇ ಎಂದಾಗಲೂ ಹೂಂ ಎಂದರು. ಅರ್ಧರ್ಧ ಬಳಿಸಿದೆವು. ನೋಡಲು ಕಣ್ಣಿಗೆ ಬಹಳ ಹಿತವಾಗಿದೆ.

ಮುಂದಿನ ಸುಗ್ಗಿಯಲ್ಲ, ಅದರ ಮುಂದಿನದಿರಬೇಕು. ಜಗಲಿಯ ಮೇಲೆ ಕೂತು ಪತ್ರಿಕೆ ಓದುತ್ತಿದ್ದೆ. ಗಂಟೆಯ ಸದ್ದಾಯಿತು. ನೋಡಿದರೆ ಬಾಗಿಲಲ್ಲೇ ನಾಲ್ವರೂ ನಿಂತಿದ್ದಾರೆ. ದೊಡ್ಡಯ್ಯ ಸ್ವಲ್ಪ ದಪ್ಪಗಾಗಿದ್ದ. ನನ್ನ ಹೆಂಡತಿ ಸರಸ ಒಳಗಿನಿಂದ ಹಣಕಿ ನೋಡಿ ಮೊರ ಹುಡುಕಲು ಹೋದಳು.

"ಏನ್ ಸಾ, ಸಂಘ ಎಂಗೈತೆ?" ಎಂದಳು ಸಣ್ಣಕ್ಕ.

"ಅದನ್ನು ನಾನು ಹೇಳುವುದು ಸರಿಯಲ್ಲಮ್ಮ," ಎಂದೆ. ಆಮೇಲೆ ಅಧ್ಯಕ್ಷರ ಕಡೆ ತಿರುಗಿ ವಿನಯದಿಂದ ಕೇಳಿದೆ: "ಸಂಘ ಚೆನ್ನಾಗಿ ನಡೆಯುತ್ತಿದೆಯೇ?"

ಡುಂಕ್. ಅಧ್ಯಕ್ಷರು ಹೂಂ ಎಂದರು. ಪಕ್ಕದಲ್ಲಿ ಸೀತೆ ಊಹೂಂ ಎಂದು ಜೋರಾಗಿ ಕೊಡಹಿತು. ಆದರೆ ಆಕೆ ಸದಸ್ಯೆಯಲ್ಲವಾದ್ದರಿಂದ ಅಭಿಪ್ರಾಯವನ್ನು ಪರಿಗಣಿಸಲಾಗಲಿಲ್ಲ.

"ಅಯ್ಯೋ, ಇನ್ನೂ ಕೂತೇ ಇದ್ದೀರಲ್ಲಾ ನೀವು?" ಎಂದು ಸರಸ ಮೊರದ ತುಂಬ ರಾಗಿ ಹಿಡಿದು ಬರುತ್ತ ನನ್ನನ್ನು ಗದರಿದಳು.

ಹೌದಲ್ಲ! ಪತ್ರಿಕೆ ಮಡಿಸಿಟ್ಟು, ಅಂಗಿಯ ಗುಂಡಿ ಹಾಕಿಕೊಂಡು ಎದ್ದು ನಿಂತೆ. ಅಧ್ಯಕ್ಷರು ಬಂದಾಗ ಕಾರ್ಯದರ್ಶಿ ಕುಳಿತಿರಕೂಡದೆಂಬುದು ನಮ್ಮ ಹದಿನಾಲ್ಕನೆಯ ನಿಯಮ.